ಕಾಗದದ ಪ್ರಕಾರ ನಲವತ್ತು

ಜನವರಿ 6, ಸೋಮವಾರ

ಅರ್ಧ ದಾರಿಯಿಂದ ವಾಪಸ್ ಬಂದೆ. ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ ಎಂದು. ಆಫ್ ಆಗಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ನಕ್ಕಳು — "ನಾನು ಮನೇಲೇ ಇದೀನಲ್ಲೇ, ಬೆಂಕಿ ಬಿದ್ರೆ ಎದ್ದು ಆಚೆ ಹೋಗಲ್ವಾ?" ಹೋಗುವುದಿಲ್ಲ. ಮಂಡಿ ಹಿಡಿದುಕೊಳ್ಳುತ್ತದೆ. ಹೊರಡುವಾಗ ಗೇಟಿನ ಬೀಗ ಎಳೆದು ನೋಡಿದೆ. ಬೀದಿ ತಿರುವಿನಿಂದ ಬಂದು ಮತ್ತೊಮ್ಮೆ ಎಳೆದೆ.

ಲ್ಯಾಬಿಗೆ ತಡ. ಯಜಮಾನರು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಕೆಲಸದಿಂದ ತೆಗೆಯುತ್ತಾರಾ... ಇಡೀ ದಿನ ಅದೇ.

ಇವತ್ತು ಬಾಯಿಗಳು ಜಾಸ್ತಿ ಬಂದವು. ಹಲ್ಲಿನ ಡಾಕ್ಟರುಗಳೆಲ್ಲ ರಜೆ ಮುಗಿಸಿ ಕೂತಿದ್ದಾರೆ. ಅವರು ಕಳಿಸಿದ ಗುಲಾಬಿ ಅಚ್ಚುಗಳನ್ನು ತೊಳೆದು, ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ಕಪಾಟಿನಲ್ಲಿಟ್ಟೆ. ಊರಿನವರ ದವಡೆಗಳೆಲ್ಲ ನನ್ನ ಕಡೆ ತಿರುಗಿ ಕೂತಿವೆ. ಇಷ್ಟು ವರ್ಷದಲ್ಲಿ ಇದಕ್ಕೆ ಮಾತ್ರ ಹೆದರಿದವಳಲ್ಲ. ಹೆದರಲು ಬೇರೆ ವಿಷಯ ಬೇಕಾದಷ್ಟಿವೆ.

ಹಲ್ಲಿನ ಸೆಟ್ಟುಗಳಿಗೆ ಪಾಲಿಶ್ ಹಾಕುವ ಅಕ್ಕ, ನಮ್ಮ ಪಾಲಿಶ್ ಅಕ್ಕ, ಒಂದನ್ನು ಎತ್ತಿ ತೋರಿಸಿದಳು. "ನೋಡೇ, ಸೊಸೆನ ಬೈದು ಬೈದು ಹೆಂಗೆ ಸವೆದಿದೆ!" ನಕ್ಕೆ.

ಜನವರಿ 9, ಗುರುವಾರ

ಇವತ್ತಿನ ಅಕ್ಷರ ಸೊಟ್ಟ. ಮೊದಲೂ ಸೊಟ್ಟವೇ.

ಮಧ್ಯಾಹ್ನ ಒಂದು ಅಚ್ಚು ಬಂತು. ಮೇಲ್ದವಡೆ. ಹಿಂದಿನ ಹಲ್ಲುಗಳಿಲ್ಲ, ಮುಂದಿನವು ಇವೆ. ಚೀಟಿ ಓದದೆ ಪ್ಲಾಸ್ಟರ್ ಸುರಿದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ಅದು ಎಲ್ಲದರಲ್ಲೂ ಇದ್ದದ್ದೇ, ಅಂಗೈಯಲ್ಲಿ ಹಿಡಿದರೆ ಮೈ ಮುಟ್ಟಿದ ಹಾಗೆ. ಬಿಡಿಸಿದೆ. ಒಂದು ಗುಳ್ಳೆಯೂ ಇರಲಿಲ್ಲ. ಇಷ್ಟು ಚೆನ್ನಾಗಿ ನನ್ನ ಕೈಗೆ ಯಾವತ್ತೂ ಬಂದಿಲ್ಲ. ಖುಷಿಯಾಗಿ ಬೆಳಕಿಗೆ ಹಿಡಿದೆ.

ಎಡಗಡೆ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಆ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ. ಲೆಕ್ಕ ತಪ್ಪಿದರೆ ಪೆನ್ಸಿಲ್ ಹಾಗೇ ಇಟ್ಟುಕೊಂಡು ನಗುತ್ತಿದ್ದ.

ಆಮೇಲೆ ಚೀಟಿ ಓದಿದೆ. ಹೆಸರು ಅದೇ. ವಯಸ್ಸು ಎಪ್ಪತ್ತೆರಡು.

ಹೆಸರು ಇಲ್ಲಿ ಬರೆಯುವುದಿಲ್ಲ. ಟ್ಯೂಷನ್ ಮೇಷ್ಟ್ರು. ನಾವು ಕೆಳಗೆ, ಅವನು ಮಹಡಿಯಲ್ಲಿ. ನನ್ನ ಒಂಬತ್ತನೇ ಕ್ಲಾಸು ಆ ಕೋಣೆಯಲ್ಲಿ ಮುಗಿಯಿತು. ಅಲ್ಲಿ ನಡೆದದ್ದನ್ನೂ ಬರೆಯುವುದಿಲ್ಲ. ಪರೀಕ್ಷೆಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ, ಅಷ್ಟೇ. ಇವತ್ತಿಗೂ ನೆಂಟರ ಹತ್ತಿರ ಅಮ್ಮ ಹೇಳುವುದು ಒಂದೇ — "ಅವಳಿಗೆ ಓದು ತಲೆಗೆ ಹತ್ತಲಿಲ್ಲ."

ಸತ್ತಿರುತ್ತಾನೆ ಅಂದುಕೊಂಡಿದ್ದೆ. ಯಾಕೆ ಹಾಗಂದುಕೊಂಡೆನೋ. ಯಾರೂ ಹೇಳಿರಲಿಲ್ಲ.

ಕೈ ಸೋಪು ಹಾಕಿ ತೊಳೆದೆ. ಬಿಸಿ ಹೋಗುತ್ತಿಲ್ಲ.

ಜನವರಿ 10, ಶುಕ್ರವಾರ

ಊಟದ ಹೊತ್ತಿಗೆ ರೇಡಿಯೋದಲ್ಲಿ ಒಂದು ಸುದ್ದಿ. ಯಾರೋ ಹೆಂಗಸು, ಚಿಕ್ಕವಳಿದ್ದಾಗ ಅವಳಿಗೆ ಆದ ಅನ್ಯಾಯ, ಈಗ ದೂರು ಕೊಟ್ಟಳಂತೆ. ಕೋರ್ಟು ತಳ್ಳಿಹಾಕಿತು. ಸುಳ್ಳೆಂದಲ್ಲ. ಅವಧಿ ಮುಗಿದಿದೆ ಎಂದು.

ಪಾಲಿಶ್ ಅಕ್ಕ ಡಬ್ಬಿ ಮುಚ್ಚಳ ಟಪ್ ಅನಿಸಿದಳು. "ಕೇಳಿದ್ಯಾ? ಹಾಲು ಕೆಡೋ ಹಂಗೆ ಕೇಸೂ ಕೆಡುತ್ತಂತೆ. ಮಾಡಿದವನು ಫ್ರಿಜ್ಜಲ್ಲಿ ತಣ್ಣಗೆ ಕೂತಿರ್ತಾನೆ, ಇವಳು ಆಚೆ ಕೂತು ಹುಳಿಯಾಗ್ಬೇಕು."

ಯಜಮಾನರು ಕಿಸಕ್ಕನೆ ನಕ್ಕು, ತಪ್ಪಾಯಿತೇನೋ ಎಂದು ಕೆಮ್ಮಿದರು. ನಾನು ತುತ್ತು ಕಲೆಸುತ್ತ ಕೂತೆ. ಎದುರಿಗೇ ಕಪಾಟು. ಅವನ ದವಡೆ ನನ್ನ ತುತ್ತನ್ನೇ ನೋಡುತ್ತಿತ್ತು.

ಇಪ್ಪತ್ತೈದು ವರ್ಷ ಒಬ್ಬರಿಗೂ ಹೇಳದೆ ಇದ್ದೆ. ಹೇಳಬಾರದೆಂದಲ್ಲ. ಯಾವತ್ತಾದರೂ ಹೇಳಬಹುದು ಎಂದು. ಆ 'ಯಾವತ್ತಾದರೂ' ಮುಗಿದುಹೋಗುವ ವಸ್ತು ಅಂತ ಯಾರಿಗೆ ಗೊತ್ತಿತ್ತು...

ಜನವರಿ 11, ಶನಿವಾರ

ಲೈಬ್ರರಿಯಲ್ಲಿ ಶನಿವಾರ ಪುಕ್ಕಟೆ ಕಾನೂನು ಸಲಹೆ. ಬೋರ್ಡು ಎಷ್ಟೋ ಸಲ ನೋಡಿದ್ದೆ. ಹೊರಗೆ ಓಡಾಡಿ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು, ಕೊನೆಗೆ ಹೋದೆ. ವಕೀಲಮ್ಮ ಚಿಕ್ಕವಳು. ನೆಗಡಿ. ಕರವಸ್ತ್ರ ಕೈಬಿಡುವುದಿಲ್ಲ.

"ನನ್ನ ಗೆಳತಿಗೆ ಸಲಹೆ ಬೇಕಿತ್ತು," ಅಂದೆ. ಹೇಗೋ ಹೇಳಿದೆ. ಅರ್ಧ ಟೇಬಲ್ಲಿಗೆ ಹೇಳಿದೆ.

"ಗೆಳತಿಗೆ ಎಷ್ಟು ವಯಸ್ಸು?"

"ಮೂವತ್ತೊಂಬತ್ತು. ಮಾರ್ಚ್ ಇಪ್ಪತ್ತಕ್ಕೆ ನಲವತ್ತು."

"ಹಾಗಾದ್ರೆ ಟೈಮಿದೆ. ಚಿಕ್ಕವಯಸ್ಸಲ್ಲಿ ನಡೆದದ್ದಕ್ಕೆ ನಲವತ್ತು ತುಂಬೋದ್ರೊಳಗೆ ದೂರು ದಾಖಲಾಗಬೇಕು. ತುಂಬಿದ ಮೇಲೆ ಹೋದ್ರೆ ಕೋರ್ಟು ಮುಟ್ಟಲ್ಲ."

"ಅವನೇ ಬಂದು ಹೌದು ಅಂತ ಒಪ್ಪಿಕೊಂಡರೂ?"

ಮೂಗು ಒರೆಸಿಕೊಂಡಳು. "ಒಪ್ಪಿಕೊಂಡರೂ."

ದಾರಿಯುದ್ದಕ್ಕೂ ಅದೇ ಕಣ್ಣ ಮುಂದೆ. ಒಬ್ಬ ಮುದುಕ ನಡುಬೀದಿಯಲ್ಲಿ ನಿಂತು ಹೌದು ಹೌದು ಅನ್ನುತ್ತಿದ್ದಾನೆ. ಜನ ಪಕ್ಕದಲ್ಲಿ ಹಾದುಹೋಗುತ್ತಿದ್ದಾರೆ. ಯಾರಿಗೂ ಕೇಳಿಸುತ್ತಿಲ್ಲ.

ಟೈಮಿದೆ ಅಂದಳು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಜನವರಿ 18, ಶನಿವಾರ

ಮತ್ತೆ ಹೋದೆ. ಗುರುತಿನ ಚೀಟಿ ತೆಗೆದುಕೊಂಡು.

"ಗೆಳತಿ ನೀವೇ ಅಂತ ಹೋದ ವಾರವೇ ಗೊತ್ತಾಯ್ತು ಅಕ್ಕ," ಅಂದಳು ಮೆತ್ತಗೆ. ಚೀಟಿ ನೋಡಿದಳು. ತಿರುಗಿಸಿದಳು. ಮತ್ತೆ ನೋಡಿದಳು. "ಇದರಲ್ಲಿ ಜೂನ್ ಒಂದು ಅಂತಿದೆ. ಅದೂ ಹಿಂದಿನ ವರ್ಷ. ಇದರ ಪ್ರಕಾರ ನಿಮಗೆ ಹೋದ ಜೂನಿಗೇ ನಲವತ್ತು ತುಂಬಿದೆ."

"ಅದು ಕಾಗದದ ಹುಟ್ಟು. ಸ್ಕೂಲಿಗೆ ಬೇಗ ಸೇರಿಸೋಕೆ ಹಾಕಿದ್ದು. ನಿಜದ್ದು ಮಾರ್ಚ್."

"ಅಕ್ಕಾ... ಕಾನೂನಿಗೆ ಕಾಗದದ್ದೇ ನಿಜದ್ದು."

ನಮ್ಮ ಮನೆಯಲ್ಲಿ ಯಾವಾಗಲೂ ಎರಡು ಹುಟ್ಟು. ಕಾಗದದ್ದು ಕ್ಯೂ ನಿಲ್ಲುವುದಕ್ಕೆ, ಆಫೀಸಿನ ಕಿಟಕಿಗೆ. ಅಮ್ಮ ಹೇಳಿದ್ದು ನನಗೆ. ವಯಸ್ಸು ಕೇಳಿದರೆ ಅಮ್ಮನದನ್ನೇ ಹೇಳಿ ರೂಢಿ. ಯಾವುದಕ್ಕೆಲ್ಲ ಹೆದರುತ್ತೇನೆ ನಾನು, ಗ್ಯಾಸಿಗೆ, ಬೀಗಕ್ಕೆ, ಯಜಮಾನರ ಗಡಿಯಾರಕ್ಕೆ. ಇದಕ್ಕೆ ಮಾತ್ರ ಹೆದರುವುದು ಹೊಳೆಯಲೇ ಇಲ್ಲ.

"ಆಸ್ಪತ್ರೆ ದಾಖಲೆ?"

"ಮನೇಲಿ ಹುಟ್ಟಿದ್ದು."

"ಹೆರಿಗೆ ಮಾಡಿಸಿದವರು?"

"ತೀರಿಕೊಂಡ್ರು."

"ಅಮ್ಮ?"

"ಇದಾರೆ."

"ಹಾಗಾದ್ರೆ ಅವರೊಬ್ಬರೇ. ನಿಜವಾದ ತಾರೀಖು ಇದು, ಸ್ಕೂಲಲ್ಲಿ ತಪ್ಪು ಬರೆಸಿದ್ವಿ ಅಂತ ಪ್ರಮಾಣ ಮಾಡಬೇಕು. ಜಡ್ಜು ಒಪ್ಪಬಹುದು, ಒಪ್ಪದೇ ಇರಬಹುದು. ಆದರೆ ಅದಿಲ್ಲದೆ ಬಾಗಿಲೇ ತೆಗೆಯಲ್ಲ."

ಜನವರಿ 19, ಭಾನುವಾರ

ಕಾರಣ ಹೇಳದೆ ಕೇಳಿದೆ. ಕೆಲಸದ ವಿಷಯಕ್ಕೆ ಬೇಕು ಅಂದೆ.

"ನಾನು ಬರಲ್ಲ," ಅಂದಳು ಅಮ್ಮ. "ಸುಳ್ಳು ಬರೆಸಿದೆ ಅಂತ ನಾನೇ ಹೋಗಿ ಹೇಳ್ಲಾ? ಈ ವಯಸ್ಸಲ್ಲಿ ನನ್ನನ್ನ ಒಳಗೆ ಹಾಕ್ಸೋ ಆಸೆನಾ ನಿಂಗೆ?"

"ಯಾರಮ್ಮಾ ಬರೆದಿದ್ದು ಅದನ್ನ?"

"ಯಾರೋ ಬರೆದ್ರು. ನಿಮ್ಮಪ್ಪನಿಗೂ ನನಗೂ ಅಕ್ಷರ ಬರ್ತಿತ್ತಾ?"

ಟೀವಿ ಸೌಂಡು ಜಾಸ್ತಿ ಮಾಡಿದಳು. ಮಾತಾಡಲು ಬಾಯಿ ತೆರೆದೆ, ದವಡೆ ಕಳಕ್ ಎಂದು ಸದ್ದು ಮಾಡಿತು. ಈಚೆಗೆ ಹೀಗೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೇನಂತೆ. ಬೆಳಿಗ್ಗೆ ಎದ್ದರೆ ಬಾಯಿ ನನ್ನದಲ್ಲ ಅನಿಸುತ್ತದೆ.

ಫೆಬ್ರವರಿ 3, ಸೋಮವಾರ

ಬರೆದಿರಲಿಲ್ಲ. ಬರೆಯುವುದಕ್ಕೇನಿತ್ತು.

ಅವನ ದವಡೆಯನ್ನು ಗೋಡೆ ಕಡೆ ತಿರುಗಿಸಿ ಇಟ್ಟು ಹೋಗಿದ್ದೆ. ಬೆಳಿಗ್ಗೆ ಬಂದರೆ ಈ ಕಡೆ ತಿರುಗಿದೆ. ಉಳಿದವೆಲ್ಲ ಇಟ್ಟ ಹಾಗೇ ಇವೆ.

"ಅಕ್ಕ, ಇದನ್ನ ತಿರುಗಿಸಿದ್ಯಾ?"

"ನಾನ್ಯಾಕೆ ಮುಟ್ಟಲಿ ತಾಯಿ? ನನ್ನ ಪಾಲಿಗೆ ಬಂದಿರೋ ಬಾಯಿಗಳೇ ಸಾಕಾಗಿವೆ." ಆಮೇಲೆ ನನ್ನ ಮುಖ ನೋಡಿ, "ಕಂಪ್ರೆಸರ್ ಓಡುವಾಗ ಕಪಾಟು ಅದುರುತ್ತಲ್ಲೇ, ಜರುಗಿರುತ್ತೆ," ಅಂದಳು.

ಇರಬಹುದು. ಮತ್ತೆ ತಿರುಗಿಸಿ ಇಟ್ಟೆ.

ಫೆಬ್ರವರಿ 4, ಮಂಗಳವಾರ

ಈ ಕಡೆ ನೋಡುತ್ತಿದೆ.

ಫೆಬ್ರವರಿ 7, ಶುಕ್ರವಾರ

ಕೆಳದವಡೆಯೂ ಬಂತು. ಯಜಮಾನರು ಎರಡನ್ನೂ ಕೀಲಿನ ಸ್ಟ್ಯಾಂಡಿಗೆ ಕೂರಿಸಿದರು, ತೆರೆದು ಮುಚ್ಚಿ ಕಡಿತ ಸರಿಯಿದೆಯಾ ನೋಡಲು. ಈಗ ಅದು ಬಾಯಿ ತೆರೆಯಬಲ್ಲದು. ಸಂಜೆ ಮುಚ್ಚಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದೆ.

"ಅದಕ್ಯಾಕೆ ಬ್ಯಾಂಡು?" ಯಜಮಾನರು.

"ಬೀಳಬಾರದು ಅಂತ ಸಾರ್."

"ಎಲ್ಲಿಗೆ ಬೀಳುತ್ತೆ?"

ಬ್ಯಾಂಡ್ ತೆಗೆಸಿದರು.

ಫೆಬ್ರವರಿ 20, ಗುರುವಾರ

ಬಂದಿದ್ದ.

ಹಲ್ಲಿನ ಬಣ್ಣ ಹೊಂದಿಸಲು ಕೆಲವು ಪೇಷಂಟುಗಳನ್ನು ಡಾಕ್ಟರು ಲ್ಯಾಬಿಗೇ ಕಳಿಸುತ್ತಾರೆ. ಗೊತ್ತಿದ್ದ ವಿಷಯವೇ. ಆದರೂ ಮೆಟ್ಟಿಲ ಮೇಲೆ ಕೋಲಿನ ಸದ್ದು ಬಂದಾಗ ಯಾರೋ ಅಜ್ಜ ಅಂದುಕೊಂಡೆ. ಹೌದು, ಯಾರೋ ಅಜ್ಜನೇ. ಇಸ್ತ್ರಿ ಮಾಡಿದ ಶರ್ಟು. ಕುಗ್ಗಿಹೋಗಿದ್ದಾನೆ. ನನ್ನ ನೆನಪಿನಲ್ಲಿ ಬಾಗಿಲು ತುಂಬ ಇದ್ದ.

ಯಜಮಾನರು ಕಿಟಕಿ ಹತ್ತಿರ ಕೂರಿಸಿ, ನನ್ನ ಕೈಗೆ ಮಾದರಿ ಹಲ್ಲುಗಳ ಪಟ್ಟಿ ಕೊಟ್ಟರು. ಹಿಡಿ ಅಂದರು. ಅಷ್ಟರಲ್ಲಿ ಫೋನು. ಒಳಗೆ ಹೋದರು. ಪಾಲಿಶ್ ಮಿಷನ್ ಗರಗರ ಅನ್ನುತ್ತಿತ್ತು, ಅಕ್ಕನಿಗೆ ಏನೂ ಕೇಳಿಸುವುದಿಲ್ಲ.

ನಾನು ಹಿಡಿದುಕೊಂಡೇ ಇದ್ದೆ. ಬಾಯಿ ಹತ್ತಿರ. ಉಸಿರು ಕೈಗೆ ತಾಗುತ್ತಿತ್ತು. ಅದೇ ಬಿಸಿ.

"ಕೆಳಗಿನ ಮನೆ ಹುಡುಗಿ ಅಲ್ವಾ ನೀನು?" ಅಂದ. ದನಿ ಮೆತ್ತಗೆ, ಪ್ರೀತಿಯಿಂದ ವಿಚಾರಿಸುವ ಹಾಗೆ. "ಅಮ್ಮ ಚೆನ್ನಾಗಿದಾರಾ?"

ನಾನು ಉತ್ತರ ಕೊಡಲಿಲ್ಲ. ಕೊಟ್ಟೆನಾ? ತಲೆ ಆಡಿಸಿದೆ ಅನಿಸುತ್ತದೆ. ಥೂ ನನ್ನ.

"ನಲವತ್ತು ಹೋದ ಜೂನಿಗೇ ತುಂಬಿತಲ್ಲ ನಿಂಗೆ."

ಪಟ್ಟಿ ಕೈಯಲ್ಲಿ ಕಟಕಟ ಅಂತು.

"ಪ್ರತಿ ಜೂನ್ ಒಂದಕ್ಕೂ ನೆನಪು ಮಾಡ್ಕೊಳ್ತೀನಮ್ಮ. ನಾನೇ ಕೊಟ್ಟ ಹುಟ್ಟುಹಬ್ಬ ಅಲ್ವಾ. ನಿಮ್ಮಪ್ಪ ಸ್ಕೂಲ್ ಫಾರಂ ಹಿಡ್ಕೊಂಡು ಬಂದು, ಮೇಷ್ಟ್ರೇ ನೀವೇ ಏನಾದ್ರೂ ಬರೀರಿ ಅಂದಿದ್ದ."

ನಕ್ಕ. ಕೋರೆಹಲ್ಲು ಕಾಣಿಸಿತು. ಪ್ಲಾಸ್ಟರಿನಲ್ಲಿ ಇದ್ದದ್ದಕ್ಕಿಂತ ಒಂದು ಚೂರೂ ಬೇರೆಯಲ್ಲ.

ಯಜಮಾನರು ಬಂದು, ಪಟ್ಟಿಯಿಂದ ಒಂದು ಬಣ್ಣ ಆರಿಸಿ, ಟೀ ಕುಡೀತೀರಾ ಅಂದರು. ಬೇಡ, ಮಕ್ಕಳು ಕಾಯ್ತಿರ್ತವೆ ಅಂದ. ಈಗಲೂ ಪಾಠ ಹೇಳುತ್ತಾನಂತೆ. ಮನೆಯಲ್ಲೇ. ಕಾಸೂ ತಗೊಳ್ಳುವುದಿಲ್ಲವಂತೆ.

ಫೆಬ್ರವರಿ 21

ಮಕ್ಕಳು ಕಾಯ್ತಿರ್ತವೆ.

ಮಾರ್ಚ್ 2, ಭಾನುವಾರ

ಹತ್ತು ದಿನ ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಲ್ಯಾಬಿಗೆ ಜ್ವರ ಅಂತ ಹೇಳಿ ಮನೆಯಲ್ಲಿದ್ದೆ. ಜ್ವರವೂ ಬಂತು, ಸುಳ್ಳಾಗಬಾರದು ಅನ್ನುವ ಹಾಗೆ.

ಇವತ್ತು ಅಮ್ಮನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಮುಖ ನೋಡಿ ಹೇಳಲು ಆಗಲಿಲ್ಲ. ಮಡಿಸಿದ ದುಪ್ಪಟಿ ಬಿಚ್ಚಿ ಮತ್ತೆ ಮಡಿಸುತ್ತ ಹೇಳಿದೆ. ಮಹಡಿ ಕೋಣೆ. ಎಷ್ಟು ದಿನ. ಯಾಕೆ ಪರೀಕ್ಷೆಗೆ ಹೋಗಲಿಲ್ಲ. ಆಮೇಲೆ ಲ್ಯಾಬು, ಕೋರೆಹಲ್ಲು, ಜೂನ್ ಒಂದು.

ಅಮ್ಮ ಕೈಯಲ್ಲಿದ್ದ ಸೀರೆ ಮಡಿಸಿ ಮುಗಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಇಲ್ಲ ಅಂತ ಸಾಧಿಸುತ್ತಾಳೆ ಅಂದುಕೊಂಡೆ.

"ಬೋಲ್ಟು ಹಾಕೋ ಸದ್ದು ಕೇಳಿಸ್ತಿತ್ತು," ಅಂದಳು. "ಕೆಳಗೆ ಅಡಿಗೆಮನೆಗೆ ಕೇಳಿಸ್ತಿತ್ತು. ಪಾಠಕ್ಕೆ ಗಲಾಟೆ ಆಗ್ಬಾರ್ದು ಅಂತ ಹಾಕ್ತಾರೆ ಅಂದ್ಕೊಂಡೆ. ಒಂದಿನ ಮೆಟ್ಟಿಲ ತನಕ ಬಂದೆ. ಅರ್ಧ ಹತ್ತಿದೆ. ದೊಡ್ಡ ಮನುಷ್ಯರು, ಏನಂದ್ಕೊಳ್ತಾರೋ ಅಂತ ಇಳಿದುಬಿಟ್ಟೆ."

ನನಗೆ ಕೂಗಬೇಕು ಅನಿಸಿತು. ದವಡೆ ಕಚ್ಚಿಕೊಂಡಿತ್ತು, ತೆರೆಯಲಿಲ್ಲ. ಎದ್ದು ಹೋಗಿ ಗ್ಯಾಸ್ ನೋಡಿ ಬಂದೆ. ಬರುವಷ್ಟರಲ್ಲಿ ಅಮ್ಮ ಮಂಡಿ ಹಿಡಿದುಕೊಂಡು ನಿಂತಿದ್ದಳು, ಯಾರೂ ಎಬ್ಬಿಸದೆ.

"ನಾನು ಬರ್ತೀನಿ. ಹೆತ್ತವಳು ನಾನು. ಯಾವತ್ತು ಹೆತ್ತೆ ಅಂತ ಅವನ್ಯಾವನೇ ಹೇಳೋಕೆ?"

ಮಾರ್ಚ್ 8, ಶನಿವಾರ

ವಕೀಲಮ್ಮನ ನೆಗಡಿ ವಾಸಿಯಾಗಿದೆ. ಅಮ್ಮನನ್ನು ಕೇಳಿದಳು, "ತಾರೀಖು ಹೇಗೆ ನೆನಪಿದೆ ಅಜ್ಜಿ?"

"ನೆನಪಿಲ್ದೆ ಏನು? ಅವತ್ತು ಬೀದಿ ಪೈಪು ಒಡೆದು ಮನೆಯೊಳಗೆ ನೀರು. ಇವರಪ್ಪ ಹೆದರಿ ನನ್ನ ಮಂಚ ಹತ್ತಿ ನಿಂತಿದ್ದ. ಹೆರೋಳು ನಾನು, ಕೂಗ್ತಿದ್ದವನು ಅವನು!"

ವಕೀಲಮ್ಮ ನಕ್ಕುಬಿಟ್ಟಳು. ನಾನೂ. ನಕ್ಕದ್ದಕ್ಕೆ ಆಮೇಲೆ ಭಯವಾಯಿತು, ಕೇಸು ಕೆಡುತ್ತದೇನೋ ಎಂದು. ಮತ್ತೆ ಆಕೆ ಗಂಭೀರವಾಗಿ ಹೇಳಿದಳು, "ಹತ್ತೊಂಬತ್ತರೊಳಗೆ ಸ್ಟೇಷನ್ನಿನಲ್ಲಿ ದಾಖಲಾಗಿರಬೇಕು. ಆಮೇಲೆ ಯಾವ ತಾರೀಖು ನಿಜ ಅನ್ನೋದನ್ನ ಕೋರ್ಟಲ್ಲಿ ಹೊಡೆದಾಡೋಣ. ಇಪ್ಪತ್ತಕ್ಕೆ ಹೋದ್ರೆ ಹೊಡೆದಾಡೋಕೂ ಏನೂ ಉಳಿಯಲ್ಲ."

ಮಾರ್ಚ್ 11, ಮಂಗಳವಾರ

ಅವನ ಹಲ್ಲಿನ ಸೆಟ್ಟು ತಯಾರಾಗಿ ಹೋಯಿತು. ಪ್ಲಾಸ್ಟರ್ ದವಡೆ ಉಳಿಯಿತು. ಕೆಲಸ ಮುಗಿದವನ್ನು ಒಡೆದು ಡ್ರಮ್ಮಿಗೆ ಹಾಕುವುದು ನನ್ನ ಕೆಲಸ. ಸುತ್ತಿಗೆ ಎತ್ತಿದೆ. ಒಡೆಯಲಿಲ್ಲ. ಒಡೆದರೆ ಎಲ್ಲಿ ಹೋಗುತ್ತದೆ ಎನ್ನುವುದು ಗೊತ್ತಾಗದು. ಕಪಾಟಿನಲ್ಲಿದ್ದರೆ ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ.

ಮುಟ್ಟಿದೆ. ಬಿಸಿಯಿತ್ತು. ಎರಡು ತಿಂಗಳ ಹಳೇ ಪ್ಲಾಸ್ಟರ್ ಬಿಸಿಯಾಗುವುದಿಲ್ಲ. ಬಿಸಿಲು ಬಿದ್ದಿರಬೇಕು. ಆ ಮೂಲೆಗೆ ಬಿಸಿಲು ಬರುವುದಿಲ್ಲ.

ಮಾರ್ಚ್ 17, ಸೋಮವಾರ

ಅಮ್ಮನ ಮಂಡಿ ಊದಿ, ಹೋದ ವಾರವೆಲ್ಲ ವ್ಯರ್ಥವಾಯಿತು. ಇವತ್ತು ಆಟೋದಲ್ಲಿ ಸ್ಟೇಷನ್ನಿಗೆ ಹೋದೆವು. ಡ್ಯೂಟಿಯವನು ಗುರುತಿನ ಚೀಟಿ ನೋಡಿ ತಲೆ ಅಲ್ಲಾಡಿಸಿದ. "ನಲವತ್ತು ದಾಟಿದೆಯಲ್ಲಮ್ಮ. ಬರಲ್ಲ ಇದು."

"ಅದು ತಪ್ಪು ತಾರೀಖು ಕಣಪ್ಪ," ಅಮ್ಮ.

"ಎಲ್ಲರೂ ಹಾಗೇ ಹೇಳ್ತಾರೆ ಅಜ್ಜಿ."

"ಎಲ್ಲರನ್ನೂ ನಾನು ಹೆತ್ತಿಲ್ಲ."

ಅವನಿಗೆ ನಗು ಬಂತು, ತಡೆದುಕೊಂಡ. ಪ್ರಮಾಣಪತ್ರ ಮಾಡಿಸಿಕೊಂಡು ಬನ್ನಿ, ಸಾಹೇಬರನ್ನು ಕೇಳೋಣ ಅಂದ. ವಕೀಲಮ್ಮನಿಗೆ ಫೋನ್ ಮಾಡಿದೆ. ನಾಳೆ ಅಂದಳು.

ನಾಳೆ ಆಫೀಸು ಇರುತ್ತದಾ? ಸಹಿ ಹಾಕುವವನು ರಜೆ ಹಾಕಿದರೆ? ಅಮ್ಮನಿಗೆ ರಾತ್ರಿ ಏನಾದರೂ ಆದರೆ? ಒಂದು ಹುಟ್ಟು ಕಾಗದದಲ್ಲಿದೆ, ಅದರ ಅವಧಿ ಮುಗಿದಿದೆ. ಇನ್ನೊಂದು ಹುಟ್ಟು ಅಮ್ಮನ ಬಾಯಲ್ಲಿ ಮಾತ್ರ ಇದೆ. ಅವಳು ಉಸಿರಾಡುತ್ತಿದ್ದಾಳಾ ಎಂದು ಎದ್ದು ಹೋಗಿ ನೋಡಿದೆ.

ಮಾರ್ಚ್ 18, ಮಂಗಳವಾರ

ಆಯಿತು. ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಮಾಡುತ್ತೇನೆ ಅಂದಳು. ಯಾವಾಗ ಕಲಿತಳೋ. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು ಬರೆದಳು. ಹಿಂದಿದ್ದವರೆಲ್ಲ ಕಾದರು.

ಪಾಲಿಶ್ ಅಕ್ಕ ಫೋನ್ ಮಾಡಿದ್ದಳು. "ನಿನ್ನ ಬ್ಯಾಂಡ್ ಹಾಕಿದ ಬಾಯಿ ಕಪಾಟಲ್ಲಿಲ್ವಲ್ಲೇ, ಮನೆಗೇನಾದ್ರೂ ತಗೊಂಡು ಹೋದ್ಯಾ?"

ಇಲ್ಲ. ನಾನು ಮುಟ್ಟಿಲ್ಲ.

ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದೇನೆ.

ಮಾರ್ಚ್ 19, ಬುಧವಾರ, ಸ್ಟೇಷನ್ನಿನ ಬೆಂಚು

ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಕೂತಿದ್ದೇವೆ. ಸಾಹೇಬರು ಈಗ ಬಂದರು. ವಕೀಲಮ್ಮ ಒಳಗಿದ್ದಾಳೆ, ಅವಳ ದನಿ ಏರುತ್ತಿದೆ, ಇಳಿಯುತ್ತಿದೆ. ಎದುರು ಬೆಂಚಿನಲ್ಲಿ ಸೈಕಲ್ ಕಳಕೊಂಡವನೊಬ್ಬ. ಅವನ ಸೈಕಲ್ಲಿಗೂ ಅವಧಿ ಇದೆಯಾ, ಕೇಳಬೇಕು ಅನಿಸಿತು.

ಅಮ್ಮ ನನ್ನ ಕೈ ಹಿಡಿದಿದ್ದಳು. ಬಿಸಿಯಿತ್ತು. ಹೆದರಿಕೆಯಾಗಲಿಲ್ಲ.

ಅಮ್ಮನನ್ನು ಕರೆದರು. ಬಾಗಿಲು ಅರ್ಧ ತೆರೆದಿದೆ. ಕೇಳಿಸುತ್ತಿದೆ. ಪೈಪು ಒಡೆದದ್ದು, ಅಪ್ಪ ಮಂಚ ಹತ್ತಿದ್ದು. ಆಮೇಲೆ ಅವಳು ದನಿ ತಗ್ಗಿಸಿ ಏನೋ ಹೇಳಿದಳು. ಮೆಟ್ಟಿಲು ಅನ್ನುವುದಷ್ಟೇ ಕೇಳಿಸಿತು. ಅದನ್ನು ಯಾರೂ ಅವಳ ಹತ್ತಿರ ಕೇಳಿರಲಿಲ್ಲ.

ಟೈಪ್ ಮಾಡುವ ಸದ್ದು ಶುರುವಾಯಿತು.

ವಕೀಲಮ್ಮ ಹೊರಗೆ ಬಂದಳು. ಇವತ್ತಿನ ತಾರೀಖು ಹಾಕಿದ್ದಾರೆ, ಬನ್ನಿ ಅಕ್ಕ ಅಂದಳು. ಮೊದಲನೇ ದಿನದಿಂದ ಹೇಳಬೇಕಂತೆ. ಗಟ್ಟಿಯಾಗಿ. ಅವನ ಹೆಸರು ಮೊದಲು. ಎದ್ದೆ. ದವಡೆ ಸಡಿಲವಾಗಿದೆ, ಬಾಯಿ ತೆರೆಯುತ್ತಿದೆ. ಅವನ ಹೆಸರು...